ಮಲಗಿಸದೆ ಬಿಟ್ಟ ಸಿಪಾಯಿ

ಇದು ಅವರಿವರು ಹೇಳಿದ್ದಲ್ಲ. ನಮ್ಮ ನಳಿನಿಗೆ ಆದದ್ದು, ಅವಳ ಬಾಯಿಂದಲೇ ಬಂದದ್ದು. ನಡುವೆ ಎದ್ದು ನೀರು ಕುಡಿಯಲು ಹೋಗುವವರಿದ್ದರೆ ಈಗಲೇ ಹೋಗಿ ಬನ್ನಿ. ಆಮೇಲೆ ಅಡುಗೆಮನೆಗೆ ಒಬ್ಬರೇ ಹೋಗಲು ಮನಸ್ಸು ಬರುವುದಿಲ್ಲ.

ಇಲ್ಲೇ ಸಿಂಗಪುರದ ಜುರಾಂಗ್ ಈಸ್ಟ್ ಸ್ಟೇಷನ್ನಿನಲ್ಲಿ ನಳಿನಿ ಇಳಿದಾಗ ಬಹಳ ಹೊತ್ತಾಗಿತ್ತು. ಮನೆ ಕಡೆಯ ಬಸ್ಸು ನಿಂತುಹೋಗಿತ್ತು. ಹೆಗಲಿಗೆ ದೊಡ್ಡದೊಂದು ಬಟ್ಟೆಚೀಲ. ಕಾಲುವೆ ಪಕ್ಕದ ದಾರಿ ಹಿಡಿದರೆ ಮನೆ ಹತ್ತಿರ, ಆದರೆ ಆ ದಾರಿಯಲ್ಲಿ ಒಂದು ಆಲದ ಮರವಿದೆ. ಬುಡದಲ್ಲಿ ಯಾರೋ ದೇವರ ಕೆಂಪು ಗೂಡು ಇಟ್ಟಿದ್ದಾರೆ. ಕಿತ್ತಳೆಹಣ್ಣು ಇಟ್ಟು ಊದುಬತ್ತಿ ಹಚ್ಚಿ ಹೋಗುತ್ತಾರೆ. ಹಗಲಾದರೆ ನಳಿನಿಯೂ ಅಲ್ಲಿ ನಿಂತು ಕೈ ಮುಗಿಯುವವಳೇ. ರಾತ್ರಿ ಮಾತ್ರ ತಲೆ ತಗ್ಗಿಸಿಕೊಂಡು ಸರಸರ ನಡೆದುಬಿಡುತ್ತಿದ್ದಳು.

ಮರ ದಾಟಿದಳು. ಆಗ ಕೇಳಿಸಿತು.

ಚಿಣ್... ಗುಳುಕ್.

ನಿಂತಳು. ಶಬ್ದವೂ ನಿಂತಿತು. ನಡೆದಳು. ಚಿಣ್... ಗುಳುಕ್. ಚಿಣ್... ಗುಳುಕ್. ಮೊದಲು ಸಣ್ಣ ಸರಪಳಿ ತಗಡಿಗೆ ತಾಗುವ ಸದ್ದು. ಅದರ ಹಿಂದೆಯೇ, ಅರ್ಧ ತುಂಬಿದ ಪಾತ್ರೆಯಲ್ಲಿ ನೀರು ಅಲುಗುವ ಸದ್ದು.

ಅದೇನು ಸದ್ದೆಂದು ಅವಳಿಗೆ ತಕ್ಷಣ ಗೊತ್ತಾಯಿತು. ಗೊತ್ತಾದದ್ದೇ ಕಷ್ಟವಾಯಿತು. ಯುದ್ಧದ ಕಾಲದ ಅಮೆರಿಕನ್ ಸಿಪಾಯಿಗಳ ನೀರಿನ ಬಾಟಲಿ ಅಲ್ಯುಮಿನಿಯಮ್ಮಿನದು. ಮುಚ್ಚಳ ಕಳೆದುಹೋಗದಿರಲಿ ಎಂದು ಅದರ ಕುತ್ತಿಗೆಗೆ ಸಣ್ಣ ಸರಪಳಿ ಇರುತ್ತದೆ. ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದರೆ ಹಾಗೆಯೇ ಸದ್ದು ಮಾಡುತ್ತದೆ. ಅಂಥದೊಂದು ಬಾಟಲಿ ಅವಳ ಚೀಲದಲ್ಲೇ ಇತ್ತು. ಆದರೆ ಅವಳೇ ಅದನ್ನು ತಲೆಕೆಳಗು ಮಾಡಿ ನೋಡಿ, ಹಳೇ ಸೀರೆಯಲ್ಲಿ ಸುತ್ತಿ ಇಟ್ಟಿದ್ದಳು. ಒಳಗೆ ತೊಟ್ಟು ನೀರಿರಲಿಲ್ಲ. ಮೇಲಾಗಿ ಸದ್ದು ಬರುತ್ತಿದ್ದುದು ಚೀಲದಿಂದಲ್ಲ... ಹಿಂದಿನಿಂದ.

ಅವಳು ತಿರುಗಿ ನೋಡಲಿಲ್ಲ. ಜಾಣೆ. ಬ್ಲಾಕಿನ ಕೆಳಗಿನ ಖಾಲಿ ಜಾಗದ, ಅದೇ ವಾಯ್ಡ್ ಡೆಕ್ಕಿನ, ಟ್ಯೂಬ್‌ಲೈಟಿನ ಕೆಳಗೆ ಬಂದು ಲಿಫ್ಟಿನ ಗುಂಡಿ ಒತ್ತಿದಳು. ಒಳಗೆ ಹೋದಳು. ಬಾಗಿಲು ಮುಚ್ಚುತ್ತಾ ಬಂತು... ಅರ್ಧಕ್ಕೆ ನಿಂತು, ಮತ್ತೆ ತೆರೆಯಿತು. ಕೊನೇ ಗಳಿಗೆಯಲ್ಲಿ ಯಾರಾದರೂ ಕಾಲಿಟ್ಟರೆ ತೆರೆಯುತ್ತದಲ್ಲ, ಹಾಗೆ. ಎದುರಿಗೆ ಯಾರೂ ಇಲ್ಲ. ಆಮೇಲೆ ಮುಚ್ಚಿಕೊಂಡು ಮೇಲೆ ಹೋಯಿತು.

ಸಿಪಾಯಿಯ ಬಾಟಲಿ ಇವಳ ಚೀಲಕ್ಕೆ ಯಾಕೆ ಬಂತು ಅನ್ನುತ್ತೀರಿ. ಅದೇ ನಳಿನಿಯ ಹುಚ್ಚು. ಮೈಸೂರಿನಲ್ಲಿ ಕಸೂತಿ ಕ್ಲಾಸಿಗೆ ಹೋದ ಹೆಣ್ಣುಮಕ್ಕಳೆಲ್ಲ ನಾಲ್ಕು ದಿಂಬಿನ ಕವರು ಮಾಡಿಟ್ಟು ಸುಮ್ಮನಾಗುತ್ತಾರೆ. ಇವಳು ಮದುವೆಯಾಗಿ ಸಿಂಗಪುರಕ್ಕೆ ಬಂದ ಹೊಸದರಲ್ಲಿ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಅಮೆರಿಕನ್ ಸೈನಿಕರು ತೋಳಿಗೆ ಹೊಲಿದುಕೊಳ್ಳುವ ಒಂದು ಪ್ಯಾಚು ನೋಡಿದಳು. ಯುದ್ಧಕಾಲದಲ್ಲಿ ನಮ್ಮ ದೇಶಕ್ಕೆ ಬಂದಿದ್ದವರದು. ಅಂಗಡಿಯವನು ಮುಂಭಾಗ ತೋರಿಸಿದ. ಇವಳು ತಿರುಗಿಸಿ ಹಿಂಭಾಗ ನೋಡಿದಳು. ನೋಡಿದರೆ ಮಿಷನ್ನಿನ ಕೆಲಸವೇ ಅಲ್ಲ! ಜರಿದಾರ, ಕೈಹೊಲಿಗೆ, ತನಗೆ ಕ್ಲಾಸಿನಲ್ಲಿ ಕಲಿಸಿದ್ದ ಅದೇ ಗಂಟು. ನಮ್ಮ ಕಡೆಯ ಯಾವನೋ ದರ್ಜಿ ಕೂತು ಹೊಲಿದುಕೊಟ್ಟದ್ದು. ಅವತ್ತು ಹಿಡಿದ ಹುಚ್ಚು ಬಿಡಲಿಲ್ಲ.

ಬ್ಯಾಂಕಿನ ಕೆಲಸ ಮುಗಿಸಿ ಬಂದು ರಾತ್ರಿ ಭೂತಗನ್ನಡಿ ಹಿಡಿದು ಕೂರುತ್ತಿದ್ದಳು. ಅವಳ ಹತ್ತಿರ ಒಂದು ಸಣ್ಣ ನೀಲಿ ಟಾರ್ಚು ಇತ್ತು. ಅದರ ಬೆಳಕಿಗೆ ಈಚಿನ ದಾರ ಬೆಳ್ಳಗೆ ಪಳಪಳ ಹೊಳೆಯುತ್ತದೆ, ಯುದ್ಧಕಾಲದ ದಾರ ಮಂಕಾಗಿ ಸುಮ್ಮನಿರುತ್ತದೆ. ನಕಲಿ ಮಾಲು ತಂದವರು ಇವಳ ಮುಂದೆ ಪೆಚ್ಚಾಗಿ ಹೋಗುತ್ತಿದ್ದರು. ಗಂಡ ಉಮೇಶ ಪಾಸಿರ್ ಪಂಜಾಂಗಿನ ಕಂಟೇನರ್ ಬಂದರಿನಲ್ಲಿ ಪಾಳಿ ಕೆಲಸದವನು, ಮಾತಿನಲ್ಲಿ ಸ್ವಲ್ಪ ಕುಚೋದ್ಯ.

“ಜನ ಚಿನ್ನ ಕೂಡಿಡ್ತಾರೆ ಕಣೇ. ನೀನು ಸತ್ತೋರ ಬಟ್ಟೆ ಕೂಡಿಡ್ತೀಯ.”

“ಸತ್ತೋರೇನು ಬಂದು ವಾಪಸ್ ಕೇಳ್ತಾರೇನ್ರೀ?” ಎನ್ನುತ್ತಿದ್ದಳು ಇವಳು. ನಾಲಗೆ ನೋಡಿ.

ಆ ರಾತ್ರಿ ಚೀಲದಲ್ಲಿ ತಂದದ್ದು ಆಂಗ್ ಮೋ ಕಿಯೋದ ಒಂದು ಹಳೇ ಫ್ಲ್ಯಾಟಿನಿಂದ. ಅಲ್ಲಿದ್ದ ಚೀನೀ ಅಜ್ಜ ತೀರಿಕೊಂಡಿದ್ದ, ಮನೆ ಖಾಲಿ ಮಾಡುತ್ತಿದ್ದರು. ಅಜ್ಜನ ಅಪ್ಪ ಒಂದು ಕಾಲಕ್ಕೆ ಚಾಂಗಿ ಕಡೆ ತರಕಾರಿ ಬೆಳೆಯುತ್ತಿದ್ದನಂತೆ. ಅವನ ಟ್ರಂಕಿನಲ್ಲಿ ಒಂದು ಖಾಕಿ ಅಂಗಿ, ಪ್ಯಾಂಟು, ದಪ್ಪನೆ ಬಟ್ಟೆಯ ಬೆಲ್ಟು, ನೀರಿನ ಬಾಟಲಿ. ಯಾರದ್ದೋ, ಯಾಕೆ ಇಟ್ಟಿದ್ದನೋ ಮನೆಯವರಿಗೂ ಗೊತ್ತಿಲ್ಲ. ನಳಿನಿ ಅಂಗಿಯ ಎಡತೋಳನ್ನು ಬೆಳಕಿಗೆ ಹಿಡಿದಳು. ಪ್ಯಾಚು ಕಿತ್ತು ಹೋಗಿತ್ತು, ಆದರೆ ಅದು ಇದ್ದ ಜಾಗದಲ್ಲಿ ಬಟ್ಟೆ ಬಿಸಿಲಿಗೆ ಮಾಸಿರಲಿಲ್ಲ. ಬಾಣದ ಮೊನೆಯ ಆಕಾರ. ಸುತ್ತ ಸೂಜಿ ತೂತುಗಳ ಸಾಲು. ಅಷ್ಟು ಸಾಕಾಯಿತು ಅವಳಿಗೆ. ಟೆಕ್ಸಾಸಿನ ಹುಡುಗರ ದಳ. ಜಾವಾದಲ್ಲಿ ಜಪಾನಿಯರಿಗೆ ಸೆರೆಸಿಕ್ಕಿ, ಚಾಂಗಿಯ ಸೆರೆಶಿಬಿರಕ್ಕೆ ಬಂದು, ಅಲ್ಲಿಂದ ಬರ್ಮಾದ ರೈಲುದಾರಿ ಕಡಿಯಲು ಹೋದವರು. ಅವರಲ್ಲೊಬ್ಬ ಹಸಿವಿಗೆ ಆ ತರಕಾರಿಯವನಿಗೆ ಅಂಗಿ ಕೊಟ್ಟು ನಾಲ್ಕು ಮೊಟ್ಟೆ ತೆಗೆದುಕೊಂಡಿರಬೇಕು, ಪಾಪ.

ಇಲ್ಲೀತನಕ ಸರಿ. ಇನ್ನು ಮೇಲಿನದಕ್ಕೆ ಅವಳ ಮಗನ ವಿಷಯ ಹೇಳಬೇಕು.

ನೀರಜ್ ಒಬ್ಬನೇ ಮಗ. ಈ ಊರಿನ ಕಾನೂನು ನಿಮಗೆ ಗೊತ್ತು, ಇಲ್ಲಿ ಬೆಳೆದ ಗಂಡುಹುಡುಗರು ಎರಡು ವರ್ಷ ಸೈನ್ಯದಲ್ಲಿ ಕಳೆಯಲೇಬೇಕು. ಆ ವರ್ಷ ದಸರೆಗೆ ಸ್ವಲ್ಪ ಮುಂಚೆ ಅವನನ್ನು ಟೆಕಾಂಗ್ ದ್ವೀಪದ ತರಬೇತಿಗೆ ಕರೆಸಿಕೊಂಡರು. ಬೇರೆ ತಾಯಂದಿರು ಅತ್ತು ಸುಮ್ಮನಾದರು. ನಳಿನಿಗೆ ಹಾಗಾಗಲಿಲ್ಲ. ಹುಡುಗನಿಗೆ ಬಿಸಿಲು ತಡೆಯದು. ಸ್ಕೂಲಿನ ಮೈದಾನದಲ್ಲಿ ಓಡುತ್ತಾ ಓಡುತ್ತಾ ದಬಕ್ಕನೆ ಬಿದ್ದು, ಕಣ್ಣುಗುಡ್ಡೆ ಮೇಲಾಗಿದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಡಾಕ್ಟರು ನೋಡಿ, ಈಗ ಏನೂ ತೊಂದರೆ ಇಲ್ಲ ಎಂದು ಬರೆದುಕೊಟ್ಟಿದ್ದರು. ಡಾಕ್ಟರ ಮಾತು ತಾಯಿಯ ಹೊಟ್ಟೆಗೆ ಇಳಿಯಬೇಕಲ್ಲ? ದಿನವೂ ಅವಳಿಗೆ ಒಂದೇ ಚಿತ್ರ. ಬೆನ್ನಿಗೆ ಮಣಭಾರ ಹೊತ್ತು ನಡೆಯುತ್ತಾ ಮಗ ದಬಕ್ಕನೆ ಬೀಳುತ್ತಾನೆ, ಯಾರೂ ನೋಡುವುದಿಲ್ಲ.

ಬೊಂಬೆ ಹಬ್ಬ ಬಂತು. ಅವರ ಮನೆಯಲ್ಲಿ ಪ್ರತಿವರ್ಷ ಮೆಟ್ಟಿಲು ಕಟ್ಟಿ ಬೊಂಬೆ ಕೂರಿಸುತ್ತಾರೆ. ಮೇಲೆ ಪಟ್ಟದ ರಾಜಾ ರಾಣಿ, ಕೆಳಗೆ ಚೆಟ್ಟಿ, ದಶಾವತಾರ, ಎಲ್ಲ. ಆ ವರ್ಷ ನಳಿನಿಗೆ ಒಂದು ಯೋಚನೆ ಹೊಳೆಯಿತು. ಮೆಟ್ಟಿಲ ಪಕ್ಕಕ್ಕೆ ಆಳೆತ್ತರದ ಒಂದು ಸಿಪಾಯಿ ಬೊಂಬೆ. ದರ್ಜಿಗಳು ಇಟ್ಟುಕೊಳ್ಳುವಂಥ ಮೈಬೊಂಬೆ ಮನೆಯಲ್ಲೇ ಇತ್ತು, ತಲೆ ಇಲ್ಲದ್ದು, ಕಬ್ಬಿಣದ ಕಾಲಿನ ಮೇಲೆ ನಿಲ್ಲುವಂಥದ್ದು. ಅದಕ್ಕೆ ಖಾಕಿ ಅಂಗಿ ತೊಡಿಸಿದಳು, ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ಬಾಟಲಿ. ತೋಳು ಮಾತ್ರ ಬರಿದು.

ಅವಳ ಆಲ್ಬಮ್ಮಿನಲ್ಲಿ ಅದೇ ಬಾಣದ ಮೊನೆಯ ಅಸಲಿ ಪ್ಯಾಚು ಒಂದಿತ್ತು. ಸಂಗ್ರಹ ಮಾಡುವವರಲ್ಲಿ ಒಂದು ಕಟ್ಟಳೆಯಿದೆ. ಸಿಕ್ಕಿದ್ದು ಹೇಗೆ ಸಿಕ್ಕಿತೋ ಹಾಗೇ ಇಡಬೇಕು, ಕಿತ್ತದ್ದನ್ನು ಮತ್ತೆ ಹೊಲಿಯಬಾರದು. ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ ನಳಿನಿ ಅವತ್ತು ತಾನೇ ಸೂಜಿ ಹಿಡಿದಳು. ಹೊಸ ತೂತು ಮಾಡಲಿಲ್ಲ. ಹಳೇ ತೂತುಗಳಲ್ಲೇ ಒಂದೊಂದಾಗಿ ದಾರ ಏರಿಸಿದಳು. ಕೊನೆಯ ಗಂಟು ಬಿಗಿದು, ದಾರ ಹಲ್ಲಿನಲ್ಲಿ ಕಡಿಯಲು ತೋಳಿನ ಹತ್ತಿರ ಮುಖ ತಂದಳು.

ಹಾ...

ಯಾರೋ ಉಸಿರು ತೆಗೆದುಕೊಂಡರು. ಬಿಟ್ಟದ್ದಲ್ಲ, ಒಳಕ್ಕೆಳೆದುಕೊಂಡದ್ದು. ಬಹಳ ಹೊತ್ತು ನೀರಿನಲ್ಲಿ ಮುಳುಗಿದ್ದವರು ಮೇಲೆ ಬಂದಾಗ ಎಳೆದುಕೊಳ್ಳುವಂತೆ. ಫ್ಯಾನು ಅಂದುಕೊಂಡಳು. ಫ್ಯಾನು ಹಾಕಿರಲಿಲ್ಲ.

ಹಬ್ಬದ ದಿನಗಳೆಲ್ಲ ಸಂಜೆ ಆರತಿ ಆಯಿತು. ಮಕ್ಕಳು ಬಂದು ಚರ್ಪು ತಿಂದುಕೊಂಡು ಹೋದರು. ತಲೆಯಿಲ್ಲದ ಸಿಪಾಯಿಯನ್ನು ಕಂಡು ಒಂದೆರಡು ಮಕ್ಕಳು ಅತ್ತದ್ದೂ ಉಂಟು. ಆರತಿ ತಟ್ಟೆ ರಾಜಾ ರಾಣಿಯ ಮುಂದೆ ಎತ್ತಿದ ಮೇಲೆ ನಳಿನಿ ಸಿಪಾಯಿಯ ಮುಂದೆಯೂ ಎತ್ತುತ್ತಿದ್ದಳು. ಎತ್ತಿ, ಯಾರಿಗೂ ಕೇಳದಂತೆ ಅನ್ನುತ್ತಿದ್ದಳು.

“ನೀನೂ ಸಿಪಾಯಿ ಅಲ್ವೇನಪ್ಪಾ. ನಮ್ ಹುಡುಗನ್ನ ನೋಡ್ಕೋ.”

ವಿಜಯದಶಮಿ ರಾತ್ರಿ ಬೊಂಬೆ ಮಲಗಿಸುವುದು ಪದ್ಧತಿ. ಆರತಿ ಮಾಡಿ, ಹಾಡು ಹೇಳಿ, ಪಟ್ಟದ ಬೊಂಬೆಗಳನ್ನು ಮೆಲ್ಲಗೆ ಒರಗಿಸಬೇಕು. ಅಲ್ಲಿಗೆ ಅವುಗಳ ಕೆಲಸ ಮುಗಿಯಿತು. ಎದುರು ಬ್ಲಾಕಿನ ಸೀತಾ ಆಂಟಿ, ಮೈಸೂರು ಅಗ್ರಹಾರದ ಹೆಂಗಸು, ಪ್ರತಿವರ್ಷದಂತೆ ಬಂದಿದ್ದರು. ರಾಜಾ ರಾಣಿ ಮಲಗಿದರು. ಸಿಪಾಯಿ ನಿಂತೇ ಇದ್ದ.

“ಇದನ್ನೂ ಮಲಗಿಸೇ.”

“ಬಟ್ಟೆ ತುಂಬಾ ಹಳೇದು ಆಂಟಿ. ಮಲಗಿಸಿದ್ರೆ ಮಡಿಕೆ ಬಿದ್ದು ಸೀಳತ್ತೆ.”

“ಆರತಿ ಎತ್ತಿದ್ದೀಯ. ಕೂರಿಸೋದು ನಮ್ಮಿಷ್ಟ ಕಣೇ. ಮಲಗಿಸೋದು ನಮ್ಮಿಷ್ಟ ಅಲ್ಲ.”

ನಳಿನಿ ನಕ್ಕು ಮಾತು ತೇಲಿಸಿದಳು. ಬಟ್ಟೆಯ ಮಾತು ನೆಪ. ಮಗನ ತರಬೇತಿ ಮುಗಿಯಲು ಇನ್ನೂ ವಾರಗಳಿದ್ದವು, ಅದು ನಿಜವಾದ ಕಾರಣ. ಕಾವಲಿಗೆ ಇಟ್ಟವನನ್ನು ನಡುವೆ ಮಲಗಿಸುವುದುಂಟೇ? ಸಿಪಾಯಿಯನ್ನು ನಿಂತಂತೆಯೇ ಎತ್ತಿಕೊಂಡು ಹೋಗಿ ಬಾಂಬ್ ಶೆಲ್ಟರಿನಲ್ಲಿ ಇಟ್ಟಳು. ಇಲ್ಲಿನ ಫ್ಲ್ಯಾಟುಗಳಲ್ಲಿ ಆ ಕೋಣೆ ಇರುತ್ತದೆ. ದಪ್ಪ ಗೋಡೆ, ಕಿಟಕಿಯಿಲ್ಲ, ಕಬ್ಬಿಣದ ಬಾಗಿಲು. ಉಳಿದವರು ಅಲ್ಲಿ ಅಕ್ಕಿಮೂಟೆ ಇಡುತ್ತಾರೆ. ಇವಳ ಸಂಗ್ರಹವೆಲ್ಲ ಅಲ್ಲೇ ಇತ್ತು.

ಆ ರಾತ್ರಿಯೇ ಶುರುವಾಯಿತು.

ಕಿರ್ರ್... ಠಕ್.

ಶೆಲ್ಟರಿನ ಬಾಗಿಲಿನ ಹಿಡಿ ಮೇಲೆದ್ದರೆ ಆಗುವ ಸದ್ದು. ನಳಿನಿ ಹಾಸಿಗೆಯಲ್ಲಿ ಕಣ್ಣು ಬಿಟ್ಟಳು. ಉಮೇಶ ರಾತ್ರಿಪಾಳಿಗೆ ಹೋಗಿದ್ದ. ಹಾಲಿನಲ್ಲಿ... ಚಿಣ್, ಗುಳುಕ್. ಚಿಣ್, ಗುಳುಕ್. ಮುಂಬಾಗಿಲವರೆಗೆ ಹೋಯಿತು. ಮುಂಬಾಗಿಲು ತೆರೆದ ಸದ್ದಿಲ್ಲ. ಆದರೆ ಆಮೇಲಿನ ಚಿಣ್ ಹೊರಗಿನ ಕಾರಿಡಾರಿನಿಂದ ಬಂತು. ಆಮೇಲಿನದು ಇನ್ನೂ ದೂರದಿಂದ.

ಬೆಳಿಗ್ಗೆ ಶೆಲ್ಟರ್ ತೆರೆದು ನೋಡಿದಳು. ಸಿಪಾಯಿ ಇದ್ದಲ್ಲೇ ಇದ್ದ. ಆದರೆ ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದ್ದವನು ಬಾಗಿಲ ಕಡೆ ತಿರುಗಿದ್ದ. ಅಂಗಿಯ ಬೆನ್ನು ಒದ್ದೆ. ಬಾಟಲಿ ಭಾರವಾಗಿತ್ತು. ಮುಚ್ಚಳ ತಿರುಗಿಸಿದಳು. ಅರ್ಧ ನೀರು... ಬಿಸಿಲಿನಲ್ಲಿಟ್ಟಂತೆ ಬೆಚ್ಚಗಿತ್ತು. ಎಲ್ಲವನ್ನೂ ಸಿಂಕಿಗೆ ಸುರಿದಳು. ಮರುದಿನ ಮತ್ತೆ ತುಂಬಿತ್ತು.

ಆ ಶನಿವಾರ ನೀರಜ್ ರಜೆಗೆ ಮನೆಗೆ ಬಂದ. ಕಪ್ಪಾಗಿದ್ದ, ತಲೆ ಬೋಳು, ತೂಕ ಇಳಿದಿತ್ತು. ರಾತ್ರಿ ಅಪ್ಪ ಮಲಗಿದ ಮೇಲೆ ಅಡುಗೆಮನೆಗೆ ಬಂದು ಅಮ್ಮನ ಪಕ್ಕ ನಿಂತ. ಪಿಸುಮಾತು.

“ಅಮ್ಮ... ಪ್ಯಾನಿಕ್ ಆಗ್ಬೇಡ ಲಾ. ಒಂದು ವಿಷ್ಯ.”

“ಏನೋ?”

“ನೈಟ್ ಮಾರ್ಚ್ ಇತ್ತು. ನಂಗೆ ಕಣ್ಣು ಬ್ಲ್ಯಾಂಕ್ ಆಗೋಯ್ತು. ಬೀಳ್ತಿದ್ದೆ, ಶೂರ್ ಆಗಿ ಬೀಳ್ತಿದ್ದೆ. ಯಾರೋ ಪಕ್ಕದಲ್ಲಿ ಬಂದು ಹಿಡ್ಕೊಂಡ್ರು. ನೀರು ಕುಡಿಸಿದ್ರು.”

“ನಿನ್ ಫ್ರೆಂಡಾ?”

“ಗೊತ್ತಿಲ್ಲ. ನಮ್ ಬಾಟ್ಲೆಲ್ಲ ಪ್ಲಾಸ್ಟಿಕ್ ಅಮ್ಮ. ಅದು ಮೆಟಲ್. ತುಟಿಗೆ ಬಿಸಿ ಬಿಸಿ ತಾಗ್ತು. ಮುಖ ನೋಡೋಣ ಅಂತ ಟರ್ನ್ ಆದೆ...”

“ಆದ್ರೆ?”

ಅವನು ಕುತ್ತಿಗೆಯ ಮೇಲೆ ಅಡ್ಡಡ್ಡ ಕೈ ಆಡಿಸಿ ತೋರಿಸಿದ, ಅಷ್ಟೆ. ಅಲ್ಲಿಂದ ಮೇಲೆ ಏನೂ ಇರಲಿಲ್ಲವಂತೆ.

ಬೇರೆ ಯಾರಾದರೂ ಆಗಿದ್ದರೆ ಆ ರಾತ್ರಿಯೇ ಆ ಬೊಂಬೆಯನ್ನು ಕಸದ ತೊಟ್ಟಿಗೆ ಹಾಕುತ್ತಿದ್ದರು. ನಳಿನಿ ಏನು ಮಾಡಿದಳು ಗೊತ್ತೇ? ಮಗನನ್ನು ಮಲಗಿಸಿ, ಶೆಲ್ಟರಿನ ಬಾಗಿಲು ತೆಗೆದು, ಸಿಪಾಯಿಯ ಮುಂದೆ ಉದ್ದಕ್ಕೆ ನಮಸ್ಕಾರ ಹಾಕಿದಳು. ಅವಳ ಹೆದರಿಕೆಯೆಲ್ಲ ಹೋಯಿತು. ಹೆತ್ತ ಕರುಳು ದೆವ್ವಕ್ಕೂ ಹೆದರದು, ದೇವರಿಗೂ ಹೆದರದು. ಅವತ್ತಿನಿಂದ ಸಿಪಾಯಿಗೆ ಸಣ್ಣ ಬಟ್ಟಲಿನಲ್ಲಿ ಮೊಸರನ್ನ, ಮುಸ್ಸಂಜೆಗೊಂದು ದೀಪ. ಫೋನಿನಲ್ಲಿ ಮಗ ಹೇಳಿದ್ದನ್ನೆಲ್ಲ ಇವನಿಗೆ ಒಪ್ಪಿಸುವಳು. ನಾಳೆ ಕಾಡಿನಲ್ಲಿ ಮಲಗುತ್ತಾರಂತೆ, ನಾಡಿದ್ದು ಬಂದೂಕಂತೆ, ಹತ್ತಿರದಲ್ಲೇ ಇರಪ್ಪಾ. ಮನೆಗೆಲಸದವರಿಗೆ ಹೇಳುವ ಹಾಗೆ!

ಬೊಂಬೆ ಸವೆಯುತ್ತಿತ್ತು. ಮೊದಮೊದಲು ಅವಳು ಗಮನಿಸಲಿಲ್ಲ, ಅಥವಾ ಗಮನಿಸಿಯೂ ಸುಮ್ಮನಿದ್ದಳು. ಅಂಗಿಯ ಬೆನ್ನಿನ ಮೇಲೆ ಬಿಳೀ ಉಪ್ಪಿನ ಗೆರೆಗಳು ಬಂದವು, ಬೆವರು ಒಣಗಿದಾಗ ಬರುತ್ತವಲ್ಲ, ಅವು. ಮೊಣಕೈ ಜಾಳಾಯಿತು. ಅಷ್ಟು ವರ್ಷ ಟ್ರಂಕಿನಲ್ಲಿ ಗಟ್ಟಿಯಾಗಿದ್ದ ಬಟ್ಟೆ ಕೆಲವೇ ವಾರಗಳಲ್ಲಿ ಜರಡಿಯಾಯಿತು. ರಾತ್ರಿಯ ಸದ್ದೂ ಬದಲಾಗಿತ್ತು. ಚಿಣ್... ಗುಳುಕ್... ಆಮೇಲೆ ಬಹಳ ಹೊತ್ತು ಬಿಟ್ಟು ಇನ್ನೊಂದು ಚಿಣ್. ಕಾಲೆಳೆದು ನಡೆಯುವವನ ಸದ್ದು. ಒಂದು ದಿನ ಸೀತಾ ಆಂಟಿ ಲಿಫ್ಟಿನ ಹತ್ತಿರ ಸಿಕ್ಕಿ ಅವಳ ಕೈ ಹಿಡಿದುಕೊಂಡರು.

“ಇನ್ನೂ ನಿಲ್ಲಿಸಿದ್ದೀಯೇನೇ ಅವನ್ನ?”

“ಇನ್ನೊಂದ್ ಸ್ವಲ್ಪ ದಿನ ಆಂಟಿ. ದೊಡ್ಡ ಮಾರ್ಚ್ ಒಂದು ಮುಗೀಲಿ.”

ಆಂಟಿ ಅವಳ ಮುಖವನ್ನೇ ನೋಡಿದರು. ಕೈ ಬಿಟ್ಟರು.

ಆ ದೊಡ್ಡ ನಡಿಗೆ ತರಬೇತಿಯ ಕೊನೆಯದು. ಇಡೀ ರಾತ್ರಿ, ಬೆನ್ನಿಗೆ ಪೂರ್ತಿ ಭಾರ, ಬೆಳಗಿಗೆ ಮುಗಿಯುವುದು. ಅದಾದ ಮೇಲೆ ಪೆರೇಡು, ಅಪ್ಪ ಅಮ್ಮಂದಿರು ಹೋಗಿ ನೋಡಬಹುದು. ನಳಿನಿ ಮೂರು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಅವತ್ತು ರಾತ್ರಿ ಹಾಲಿನಲ್ಲಿ ಕುಳಿತು ಹಿಡಿಯ ಸದ್ದಿಗೆ ಕಾದಳು. ಕಿರ್ರ್... ಠಕ್. ಚಿಣ್... ಗುಳುಕ್. ಹೊರಟ. ಹೊರಗಿನ ಕಾರಿಡಾರಿಗೆ ಹೋದ. ಅಲ್ಲಿಗೆ ಸದ್ದು ನಿಂತುಬಿಟ್ಟಿತು.

ಸ್ವಲ್ಪ ಹೊತ್ತಿಗೆ ಉಮೇಶ ಪಾಳಿ ಮುಗಿಸಿ ಬಂದ. ಚಪ್ಪಲಿ ಕೂಡ ಬಿಡಲಿಲ್ಲ. ಮುಖ ಬಿಳಚಿಕೊಂಡಿತ್ತು.

“ನಳಿನಿ... ಹೊರಗೆ ಮೆಟ್ಟಿಲ ಮೇಲೆ ಯಾರೋ ಹುಡುಗ ಕೂತಿದ್ದಾನೆ.”

“ಯಾರು?”

“ಆರ್ಮಿ ಬಟ್ಟೆ. ಮಂಡಿ ಹಿಡ್ಕೊಂಡು ಬಗ್ಗಿದ್ದಾನೆ, ಮುಖ ಕಾಣ್ಲಿಲ್ಲ. ಏಳಕ್ಕೆ ನೋಡ್ತಾನೆ... ಆಗ್ತಿಲ್ಲ ಅವನಿಗೆ. ಕೂತ್ಕೊಂಡ್ ಬಿಡ್ತಾನೆ. ಮತ್ತೆ ನೋಡ್ತಾನೆ.”

ಇಬ್ಬರೂ ಬಾಗಿಲಿಗೆ ಬಂದರು. ಮೆಟ್ಟಿಲು ಖಾಲಿ. ಕೊನೇ ಮೆಟ್ಟಿಲು ಮಾತ್ರ ಒದ್ದೆ. ನಳಿನಿ ತಿರುಗಿ ಓಡಿದಳು, ಶೆಲ್ಟರಿಗೆ. ಸಿಪಾಯಿ ಒಳಗಿದ್ದ, ಗೋಡೆಗೆ ಒರಗಿದ್ದ. ಕಬ್ಬಿಣದ ಕಾಲಿನ ಮೇಲೆ ನೆಟ್ಟಗೆ ನಿಲ್ಲಬೇಕಾದ ಬೊಂಬೆ ಒರಗುವುದೆಂದರೇನು! ಉಮೇಶನಿಗೆ ಆಗ ಅರ್ಥವಾಯಿತು. ಬಾಗಿಲ ಚೌಕಟ್ಟು ಹಿಡಿದು ನಿಂತ.

ಅಷ್ಟು ಹೊತ್ತಿಗೆ ಅಲ್ಲಿ, ದ್ವೀಪದ ಕತ್ತಲೆಯಲ್ಲಿ, ನೀರಜ್ ನಡೆಯುತ್ತಿದ್ದ. ನಳಿನಿಗೆ ಬೇರೇನೂ ತೋಚಲಿಲ್ಲ. ಬೊಂಬೆಯ ಎರಡೂ ಭುಜ ಹಿಡಿದಳು.

“ಏಳಪ್ಪಾ. ಇದೊಂದ್ ರಾತ್ರಿ. ಇದೊಂದೇ ರಾತ್ರಿ. ನಿನ್ ಕಾಲಿಗೆ ಬೀಳ್ತೀನಿ, ಏಳು.”

ಲಟಕ್...

ಮಂಡಿ ಚಿಪ್ಪಿನ ಸದ್ದು. ಮಂಡಿಯೇ ಇಲ್ಲದ ಬೊಂಬೆಯಿಂದ. ಲಟಕ್... ಗುಳುಕ್... ಅವಳ ಕೈಯೊಳಗೆ ಆ ಭುಜಗಳು ಮೇಲೇಳಲು ನೋಡಿದವು. ನಡುಗುತ್ತಿದ್ದವು. ಒಂದು ಅಂಗುಲ ಎದ್ದಿರಬಹುದು. ಆಗ ಪರ್ರ್... ಎಂದು ಅಂಗಿಯ ಕಂಕುಳು ಸೀಳಿತು. ನಳಿನಿ ಅಭ್ಯಾಸಬಲದಿಂದ ಆ ಸೀಳನ್ನು ಎರಡು ಬೆರಳಲ್ಲಿ ಹಿಡಿದು, ಒಳಮೈ ಹೊರಗೆ ಮಾಡಿ ನೋಡಿದಳು. ಸತ್ತರೂ ಹಿಂಭಾಗ ನೋಡುವುದು ಬಿಡುವವಳಲ್ಲ.

ಒಳಗೆ ಒಂದು ತುಂಡುಬಟ್ಟೆ ಕೊಟ್ಟು ಹೊಲಿದಿತ್ತು. ಅಂಗಿ ಬಿಗಿಯಾದಾಗ ಕಂಕುಳಲ್ಲಿ ಅಗಲ ಮಾಡಲು ಕೊಡುತ್ತಾರಲ್ಲ, ಅದು. ತೋಳಿನ ತುದಿಯನ್ನೂ ಬಿಚ್ಚಿ ಉದ್ದ ಮಾಡಿತ್ತು. ಸೈನ್ಯದ ದರ್ಜಿಯ ಕೆಲಸವಲ್ಲ. ಮನೆಯ ಕೆಲಸ. ಹತ್ತಿರ ಹತ್ತಿರ ಸಣ್ಣ ಹೊಲಿಗೆ, ಒತ್ತಬಾರದೆಂದು ಗಂಟುಗಳನ್ನೆಲ್ಲ ಹೊರಮಗ್ಗುಲಿಗೆ ಬಿಟ್ಟಿತ್ತು. ನೀರಜ್‌ನ ಸ್ಕೂಲಿನ ಅಂಗಿಗಳಿಗೆ ನಳಿನಿ ಹೀಗೆಯೇ ಮಾಡುತ್ತಿದ್ದಳು, ವರ್ಷ ವರ್ಷ. ಸೈನ್ಯಕ್ಕೆ ಸೇರಿದ ಮೇಲೂ ಇವನು ಬೆಳೆದಿದ್ದಾನೆ! ರಜೆಗೆ ಮನೆಗೆ ಹೋಗಿದ್ದಾನೆ, ಅಮ್ಮ ಅಂಗಿ ಬಿಚ್ಚಿಸಿಕೊಂಡು ಹೊಲಿದುಕೊಟ್ಟಿದ್ದಾಳೆ, ಇವನು ಹೊರಟಿದ್ದಾನೆ.

ನಳಿನಿ ಆ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಇಷ್ಟು ವಾರ ಅವಳು ಇವನನ್ನು ಸಿಪಾಯಿ ಎಂದಿದ್ದಳೇ ಹೊರತು ಹುಡುಗ ಎಂದಿರಲಿಲ್ಲ. ತನ್ನ ಮಗ ಬೀಳಬಾರದೆಂದು ಇನ್ನೊಬ್ಬಳ ಮಗನನ್ನು, ಸತ್ತ ಮೇಲೂ, ರಾತ್ರಿಯೆಲ್ಲ ನಡೆಸಿದ್ದಳು.

“ರೀ, ಚಾಪೆ ತನ್ನಿ.”

“ನಳಿನಿ... ಇವತ್ತೇ ಬೇಡ. ನೀರಜ್‌ಗೆ ಏನಾದ್ರೂ ಆದ್ರೆ?”

“ಚಾಪೆ ತನ್ನಿ. ನೀರಜ್ ದಿಂಬು ತನ್ನಿ.”

ಶೆಲ್ಟರಿನ ನೆಲದ ಮೇಲೆ ಚಾಪೆ ಹಾಸಿದರು. ಬೆಲ್ಟು ಬಿಚ್ಚಿದಳು, ಬಾಟಲಿ ತೆಗೆದಿಟ್ಟಳು. ಇಬ್ಬರೂ ಸೇರಿ ಅವನನ್ನು ಮಲಗಿಸಿದರು. ಭಾರವಿತ್ತು ಎಂದು ಉಮೇಶ ಈಗಲೂ ಹೇಳುತ್ತಾನೆ, ಬೊಂಬೆಯ ಭಾರವಲ್ಲ, ನಿದ್ದೆ ಬಂದ ಹುಡುಗನನ್ನು ಕಾರಿನಿಂದ ಎತ್ತಿಕೊಂಡು ಬರುತ್ತೇವಲ್ಲ, ಆ ಭಾರ. ನಳಿನಿ ಆರತಿ ಎತ್ತಿದಳು. ಹಾಡು ನೆನಪಾಗಲಿಲ್ಲ. ನೀರಜ್ ತೊಟ್ಟಿಲಲ್ಲಿದ್ದಾಗ ಅನ್ನುತ್ತಿದ್ದಂತೆ ಅರ್ಥವಿಲ್ಲದ ಜೋಜೋ ಅಂದಳು, ಎದೆಯ ಮೇಲೆ ಮೆಲ್ಲಗೆ ತಟ್ಟುತ್ತಾ. ಬಹಳ ಹೊತ್ತು.

ಆಮೇಲೆ ಒಂದು ಉಸಿರು. ಈ ಸಲ ಹೊರಗೆ ಬಿಟ್ಟದ್ದು. ಅದರ ಹಿಂದೆ... ಸಣ್ಣ ಗೊರಕೆ. ಹುಡುಗರ ಗೊರಕೆ, ಮೂಗು ಕಟ್ಟಿದಂಥದ್ದು. ಎರಡು ಸಲ ಕೇಳಿಸಿತು. ಮೂರನೆಯದು ಬರಲಿಲ್ಲ.

ಇಬ್ಬರೂ ಬೆಳಗಾಗುವವರೆಗೆ ಸೋಫಾದ ಮೇಲೆ ಕೂತರು. ನಡುವೆ ಫೋನು. ಅದು ಬಡಿದುಕೊಂಡರೆ ಏನು ಸುದ್ದಿ ಎಂದು ಇಬ್ಬರಿಗೂ ಗೊತ್ತಿತ್ತು. ಕಾವಲಿಗೆ ಯಾರೂ ಇಲ್ಲದೆ ಮಗ ಕತ್ತಲಲ್ಲಿ ನಡೆಯುತ್ತಿದ್ದಾನೆ, ಕಾವಲಿನವನನ್ನು ತಾನೇ ಕೈಯಾರೆ ಮಲಗಿಸಿ ಬಂದಿದ್ದೇನೆ. ಆ ರಾತ್ರಿ ತನ್ನ ತಲೆಯಲ್ಲಿ ಬಂದ ಬಿಳಿಕೂದಲನ್ನು ನಳಿನಿ ಈಗಲೂ ಕಪ್ಪು ಮಾಡಿಸಿಲ್ಲ.

ಫೋನು ಬರಲಿಲ್ಲ. ಪೆರೇಡಿಗೆ ಹೋದರು. ಸಾಲಿನಲ್ಲಿ ಮಗ ನಿಂತಿದ್ದ, ಬಿಸಿಲಿನಲ್ಲಿ, ನೆಟ್ಟಗೆ. ನಳಿನಿ ಅಲ್ಲೇ ಅತ್ತುಬಿಟ್ಟಳು. ಪಕ್ಕದ ಮಲಯ ಹೆಂಗಸು ಟಿಶ್ಯೂ ಕೊಟ್ಟಳು.

ಮನೆಗೆ ಬಂದು, ಊಟ ಮಾಡಿ, ನೀರಜ್ ಅಡುಗೆಮನೆಗೆ ಬಂದ. ಹಾಡಹಗಲು, ಆದರೂ ಪಿಸುಮಾತು.

“ಅಮ್ಮ, ನಿನ್ನೆ ಅವನು ಬರ್ಲಿಲ್ಲ.”

“ಗೊತ್ತು.”

“ನಂಗೆ ಮತ್ತೆ ಹಾಗೇ ಆಯ್ತು. ಲಾಸ್ಟ್ ಸ್ಟ್ರೆಚ್. ಕಣ್ಣು ಕತ್ಲೆ. ರೋಡ್ ಸೈಡಲ್ಲಿ ಒಬ್ರು ಆಂಟಿ ನಿಂತಿದ್ರು. ಬಿಳೀ ಆಂಟಿ, ಅಮೆರಿಕನ್ ಥರ ಇಂಗ್ಲಿಷು. ಹೂವಿನ ಫ್ರಾಕು, ಮೇಲೆ ಏಪ್ರನ್ನು. ಅಲ್ಲಿ ಹೊರಗಿನೋರನ್ನ ಬಿಡೋದೇ ಇಲ್ಲ ಅಮ್ಮ. ಒಬ್ಬೊಬ್ರ ಮುಖಾನೂ ಬಗ್ಗಿ ಬಗ್ಗಿ ನೋಡ್ತಿದ್ರು, ಯಾರನ್ನೋ ಹುಡುಕೋ ಥರ. ಬೇರೆ ಯಾರಿಗೂ ಕಾಣ್ಸಿಲ್ಲ, ಕೇಳ್ದೆ.”

ನಳಿನಿ ಒಲೆ ಆರಿಸಿದಳು.

“ನನ್ನ ಹತ್ರ ಬಂದ್ರು. ನನ್ ಭುಜ ಹಿಡ್ಕೊಂಡ್ರು. ಕೇಳಿದ್ರು, ‘ಮಲಗಿದನಾ ಅವನು?’ ಅಂತ.”

“ನೀನೇನಂದೆ?”

“ಯಾರು ಅಂತಾನೇ ಗೊತ್ತಿಲ್ಲ. ಬಾಯಿಗೆ ಹಾಗೇ ಬಂತು. ‘ಮಲಗಿದಾನೆ ಆಂಟಿ, ನಮ್ಮನೇಲಿ’ ಅಂದೆ. ಅಷ್ಟೇ. ಕೊನೇವರೆಗೂ ನನ್ನ ಭುಜ ಬಿಡ್ಲಿಲ್ಲ, ಜೊತೇಲೇ ನಡೆದ್ರು.”

ಅಮ್ಮ ಬೊಂಬೆಯನ್ನು ಮಲಗಿಸಿದ್ದು ಅವನಿಗೆ ಯಾರೂ ಹೇಳಿರಲಿಲ್ಲ. ಬೊಂಬೆ ಇದ್ದದ್ದೇ ಅವನಿಗೆ ತಿಳಿಯದು.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಆ ಮನೆಯಲ್ಲಿ ಊಟ ಮಾಡಿದವಳು, ಸುಳ್ಳು ಹೇಳಿ ನನಗೇನಾಗಬೇಕು? ಸಂಜೆ ನಳಿನಿ ಒಗೆಯಲೆಂದು ಮಗನ ಚೀಲದಿಂದ ರಾತ್ರಿ ನಡಿಗೆಯ ಅಂಗಿ ತೆಗೆದಳು. ಎಡಭುಜದ ಮೇಲೆ ಬೆಳ್ಳಗೆ ನಾಲ್ಕು ಬೆರಳಿನ ಗುರುತಿತ್ತು. ಉಗುರಿನಿಂದ ಕೆರೆದು, ಮೂಸಿ ನೋಡಿದಳು. ಮೈದಾಹಿಟ್ಟು. ಆಗ ತಾನೇ ಕಲಸಿದಂತೆ, ಇನ್ನೂ ಹಸಿಯಾಗಿತ್ತು.